ಹೊಟ್ಟೆಗೊಂದು ಹೆಪ್ಪು

ನನ್ನ ಬಾಯಿ ಜೋರು ಅಂತ ನಮ್ಮ ಬೀದಿಗೆಲ್ಲ ಗೊತ್ತು. ಬಾಯಿ ಜೋರಿಲ್ಲದಿದ್ದರೆ ಟೈಲರ್ ಅಂಗಡಿ ನಡೆಸೋಕೆ ಆಗುತ್ತಾ? ತಾವೇ ಉಸಿರು ಬಿಗಿಹಿಡಿದು ಅಳತೆ ಕೊಟ್ಟು, ಹೊಲಿದ ಮೇಲೆ ಬಿಗಿಯಾಯ್ತು ಅಂತ ನನ್ನ ಮೇಲೆ ಎಗರಾಡೋರು ದಿನಕ್ಕೆ ಇಬ್ಬರಾದರೂ ಬರ್ತಾರೆ. ಅಂಥವರ ಎದುರು ಮೆತ್ತಗಿದ್ದರೆ ತಲೆ ಮೇಲೆ ಕೂರ್ತಾರೆ. ಹಾಗಾಗಿ ಇದರಲ್ಲಿ ನಾನು ಅಲ್ಲಲ್ಲಿ ಕೂಗಾಡಿದ್ದೀನಿ, ಅದನ್ನ ಮುಚ್ಚಿಡೋಕೆ ಹೋಗಲ್ಲ. ಆದರೆ ಇದು ನನ್ನ ಕತೆ ಅಲ್ಲ, ಹೆಪ್ಪಿನಕ್ಕನದು. ನಾನು ಮಾಡಿದ ಒಂದು ಕಿತಾಪತಿಯಿಂದ ಆಕೆಯ ಬಾಯಿಗೆ ಬೀಗ ಬಿತ್ತು. ಆಕೆಗೆ ಮಾತು ಅಂದರೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ.

ಹೆಪ್ಪಿನಕ್ಕ ಹೆರಿಗೆ ಆಸ್ಪತ್ರೆಯ ನರ್ಸು. ನಲವತ್ತೈದರ ಆಸುಪಾಸು, ಎತ್ತರದ ಹೆಂಗಸು. ನಡೆದರೆ ಬೂಟು ಕೀಚ್ ಕೀಚ್ ಅಂತ ಕೂಗುತ್ತೆ, ಪೆನ್ನು ಯಾವಾಗಲೂ ಕಿವಿ ಮೇಲೆ. ಹುಟ್ಟಿನಿಂದ ನರ್ಸೇನೂ ಅಲ್ಲ. ಅದೇ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹನ್ನೆರಡು ವರ್ಷ ಹಾಸಿಗೆ ಹೊದಿಕೆ ಒಗೆದು, ಒಣಗಿಸಿ, ಮಡಚಿದವರು. ಮೂವತ್ತು ದಾಟಿದ ಮೇಲೆ ನರ್ಸಿಂಗ್ ಓದೋಕೆ ಸೇರಿದರು. ತರಗತಿಯಲ್ಲಿ ಉಳಿದವರೆಲ್ಲ ಹದಿನೆಂಟು ಹತ್ತೊಂಬತ್ತರ ಹುಡುಗಿಯರು, ಇವರನ್ನ ಆಂಟಿ ಅಂತಲೇ ಕರೀತಿದ್ದರಂತೆ. ಹೊದಿಕೆ ಮಡಚೋವಾಗ ರೋಗಗಳ ಹೆಸರು ಬಾಯಿಪಾಠ ಮಾಡ್ತಿದ್ದರು. ಒಂದು ಮಡಿಕೆಗೆ ಒಂದು ರೋಗ. ಗಂಡ ಗಡಿಯಾರ ರಿಪೇರಿ ಮಾಡೋರು, ತುಂಬಾ ಮೌನಿ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಈಕೆಯೇ ಆಡಬೇಕು.

ನನಗೆ ಈಕೆ ಸಿಕ್ಕಿದ್ದು ಒಂದು ಮಂಗಳವಾರ. ಆ ಆಸ್ಪತ್ರೆಯಲ್ಲಿ ಮಂಗಳವಾರ ಸಕ್ಕರೆ ಬಂದ ಬಸುರಿಯರ ದಿನ. ಕಾರಿಡಾರಿನಲ್ಲಿ ಒಂದು ಉದ್ದನೆ ಸ್ಟೀಲ್ ಬೆಂಚು. ಹನ್ನೊಂದು ಜನ ಕೂರಬಹುದು, ಆದರೆ ಎಲ್ಲರೂ ತುಂಬು ಬಸುರಿಯರಾದರೆ ಒಂಬತ್ತೇ ಜನ. ಎದುರಿಗೆ ತೂಕದ ಯಂತ್ರ. ಎಡಗಾಲು ಮೊದಲಿಟ್ಟರೆ ಅರ್ಧ ಕಿಲೋ ಜಾಸ್ತಿ ತೋರಿಸುತ್ತೆ ಅಂತ ಹಳಬರು ಹೊಸಬರಿಗೆ ಹೇಳಿಕೊಡ್ತಾರೆ.

ಒಂಬತ್ತು ವರ್ಷ ಕಾದು, ಮೂವತ್ತಾರಕ್ಕೆ ನಾನು ಬಸುರಿಯಾಗಿದ್ದೆ. ಆರನೇ ತಿಂಗಳಲ್ಲಿ ಸಿಹಿ ನೀರು ಕುಡಿಸಿ, ಮೂರು ಸಲ ರಕ್ತ ತೆಗೆದು, ಸಕ್ಕರೆ ಇದೆ ಅಂದುಬಿಟ್ಟರು. ನನಗೆ ಎಲ್ಲಿಲ್ಲದ ಕೋಪ ಬಂತು. ನಮ್ಮ ವಂಶದಲ್ಲೇ ಯಾರಿಗೂ ಇಲ್ಲ, ನಾನು ಟೀಗೆ ಹಾಕೋದೇ ಅರ್ಧ ಚಮಚ, ನನಗೆಲ್ಲಿಂದ ಬರುತ್ತೆ, ನಿಮ್ಮ ಯಂತ್ರವೇ ಕೆಟ್ಟಿರಬೇಕು ಅಂತ ಹಾರಾಡಿದೆ. ನಮ್ಮತ್ತೆ ಪಕ್ಕದಲ್ಲೇ ಕೂತಿದ್ದರು. ಈ ನರ್ಸು ನನ್ನ ಕೂಗಾಟ ಮುಗಿಯೋವರೆಗೆ ಸುಮ್ಮನೆ ನಿಂತಿದ್ದು, ಆಮೇಲೆ ಹೇಳಿದರು.

"ನೋಡಮ್ಮ, ಮಗುಗೆ ಊಟ ತಲುಪಿಸೋ ಮಾಸು ಇದೆಯಲ್ಲ, ಅದು ಏನೇನೋ ರಸ ಬಿಡುತ್ತೆ. ಅದು ಬಂದ್ಮೇಲೆ ನಿನ್ನ ಮೈಯಲ್ಲಿ ಇನ್ಸುಲಿನ್ ಮಾತಿಗೆ ಬೆಲೆ ಕಮ್ಮಿ. ಅತ್ತೆ ಮನೆಗೆ ಬಂದಾಗ ಸೊಸೆ ಮಾತು ನಡೆಯಲ್ಲವಲ್ಲ, ಹಾಗೆ. ಅತ್ತೆ ಹೊರಟ್ಮೇಲೆ ಮತ್ತೆ ಸೊಸೆಯದೇ ಆಡಳಿತ. ಹೆರಿಗೆ ಆದ್ಮೇಲೆ ಬಹಳ ಜನಕ್ಕೆ ಇದು ತಾನಾಗೇ ಹೋಗುತ್ತೆ. ಅಲ್ಲೀವರೆಗೆ ಹುಷಾರಾಗಿರಬೇಕು."

ನಮ್ಮತ್ತೆ ಮುಖ ನೋಡಬೇಕಿತ್ತು ಆಗ. ಬೆಂಚಿಗೆ ಬೆಂಚೇ ನಕ್ಕಿತು. ನನಗೂ ನಗು ತಡೆಯೋಕಾಗಲಿಲ್ಲ, ಕೋಪ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ.

ಆಕೆ ಎಲ್ಲವನ್ನೂ ಹೀಗೇ ಹೇಳ್ತಿದ್ದದ್ದು. ಊಟದ ತಟ್ಟೆಯನ್ನ ಗಡಿಯಾರ ಅಂದುಕೊಳ್ಳಿ, ಹನ್ನೆರಡರಿಂದ ಆರರವರೆಗೆ ತರಕಾರಿ, ಆರರಿಂದ ಒಂಬತ್ತು ಅನ್ನವೋ ಬ್ರೆಡ್ಡೋ, ಉಳಿದಿದ್ದರಲ್ಲಿ ಮೊಟ್ಟೆಯೋ ಬೇಳೆಯೋ ಅಂತ. ಗಡಿಯಾರದವನ ಹೆಂಡತಿ ಅಲ್ಲವಾ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಸಕ್ಕರೆ ನೋಡೋದಕ್ಕೆ ಇರುವೆ ಕಚ್ಚಿಸಿಕೊಳ್ಳೋದು ಅಂತ ಹೆಸರು. ಇರುವೆ ಕಚ್ಚಿಸಿಕೊಂಡ್ಯಾ ಅಂತ ಕೇಳಿದರೆ ಇಲ್ಲ ಅನ್ನೋಕೆ ನಮಗೆ ನಾಚಿಕೆ ಆಗ್ತಿತ್ತು.

ಹೆಪ್ಪಿನಕ್ಕ ಅನ್ನೋ ಹೆಸರು ಬಂದ ಕತೆ ಬೇರೆ. ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಆಗ ಒಂದು ಅಧ್ಯಯನ ಶುರುಮಾಡಿದ್ದರು. ಹೊಟ್ಟೆಗೆ ಒಳ್ಳೇದು ಮಾಡೋ ಜೀವಾಣುಗಳನ್ನ ಪುಡಿ ಮಾಡಿ ಪೊಟ್ಟಣದಲ್ಲಿ ಬಸುರಿಯರಿಗೆ ಕೊಟ್ಟರೆ ಸಕ್ಕರೆ ಹತೋಟಿಗೆ ಬರುತ್ತಾ, ಹುಟ್ಟೋ ಮಗುಗೆ ಅನುಕೂಲ ಆಗುತ್ತಾ ಅಂತ ನೋಡೋದು. ಸೇರೋಕೆ ಸಹಿ ಹಾಕಬೇಕಾದ ಹಾಳೆಯಲ್ಲಿ 'ಜೀವಂತ ಸೂಕ್ಷ್ಮಾಣುಜೀವಿಗಳ ಪೂರಕ ಸೇವನೆಗೆ ಸಮ್ಮತಿ' ಅಂತ ಅಚ್ಚು ಹಾಕಿಸಿದ್ದರು. ಯಾರು ಹಾಕ್ತಾರೆ ಸಹಿ? ಜೀವಂತ ಹುಳ ತಿನ್ನಿಸ್ತಾರಂತೆ ಅಂತ ಬೆಂಚಿನ ತುಂಬ ಗುಸುಗುಸು. ಮೊದಲ ತಿಂಗಳು ಮೂವತ್ತು ಜನರಲ್ಲಿ ನಾಲ್ಕೇ ಸಹಿ.

ಒಂದು ಮಂಗಳವಾರ ಈ ನರ್ಸು ಆ ಹಾಳೆಯನ್ನ ಮೇಜಿನ ಮೇಲೆ ಮಗುಚಿ ಹಾಕಿ ಕೇಳಿದರಂತೆ: ಮನೇಲಿ ಮೊಸರು ಮಾಡ್ತೀರಲ್ಲ, ಹಾಲಿಗೆ ಏನು ಹಾಕ್ತೀರಿ? ಹೆಪ್ಪು, ಅಂದರು ಎಲ್ಲರೂ. ಹೆಪ್ಪಲ್ಲಿ ಇರೋದೂ ಜೀವ ಇರೋ ಸಣ್ಣ ಸಣ್ಣ ಹುಳವೇ, ನೀವೂ ನಿಮ್ಮಜ್ಜಿಯೂ ಅದನ್ನ ತಿಂದ್ಕೊಂಡೇ ಬೆಳೆದಿದ್ದೀರಿ. ಇದು ಹೊಟ್ಟೆಗೆ ಹಾಕೋ ಹೆಪ್ಪು, ಅಷ್ಟೆ. ಆವತ್ತು ಬೆಂಚಿನಲ್ಲಿದ್ದವರೆಲ್ಲ ಸಹಿ ಹಾಕಿ ಎದ್ದರು. ಸಿಸ್ಟರ್ ಅಂತ ಇದ್ದವರು ಹೆಪ್ಪಿನಕ್ಕ ಆದರು. ಡಾಕ್ಟರಮ್ಮನಿಗೂ ಖುಷಿಯೋ ಖುಷಿ.

ನಾನು ಸೇರಿದಾಗ ಆಕೆ ಇನ್ನೊಂದು ಮಾತು ಬಿಡಿಸಿ ಹೇಳಿದರು. ಅರ್ಧ ಜನರ ಪೊಟ್ಟಣದಲ್ಲಿ ನಿಜವಾದ ಹೆಪ್ಪು, ಇನ್ನರ್ಧ ಜನರದ್ದರಲ್ಲಿ ಬರೀ ಹಿಟ್ಟು. ಯಾರಿಗೆ ಯಾವುದು ಅಂತ ತನಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಪೊಟ್ಟಣದ ಮೇಲೆ ನಂಬರ್ ಮಾತ್ರ, ಪಟ್ಟಿ ಬೇರೆಲ್ಲೋ ಬೀಗದಲ್ಲಿದೆ. ಗೊತ್ತಿದ್ದರೆ ಮನಸ್ಸು ಆಟ ಆಡುತ್ತೆ, ಆಗ ಪುಡಿಯಿಂದ ಆಯ್ತೋ ಮನಸ್ಸಿನಿಂದ ಆಯ್ತೋ ತಿಳಿಯಲ್ಲ ಅಂದರು. ಪೊಟ್ಟಣ ಯಾವುದೇ ಆಗಲಿ, ಊಟ, ನಡಿಗೆ, ಇರುವೆ ಮೂರನ್ನೂ ಬಿಡಬಾರದು ಅಂತ ಮೂರು ಸಲ ಹೇಳಿದರು.

ನನ್ನ ಕಿವಿಗೆ ಬಿದ್ದಿದ್ದು ಒಂದೇ: ಬರೀ ಹಿಟ್ಟು. ಒಂಬತ್ತು ವರ್ಷ ಕಾದವಳ ಹೊಟ್ಟೆಗೆ ಹಿಟ್ಟು ಹಾಕ್ತಾರಾ? ಮನೆಗೆ ಹೋಗೋ ದಾರಿ ಪೂರ್ತಿ ಅದನ್ನೇ ಯೋಚಿಸಿದೆ. ಅಂಗಡಿ ಬಾಗಿಲು ತೆಗೆಯೋವಾಗ ತಲೆಗೆ ಹೊಳೀತು. ಇದು ಹೆಪ್ಪು ತಾನೇ? ಹೆಪ್ಪಾಗಿದ್ದರೆ ಹಾಲು ಹೆಪ್ಪಾಗಲೇಬೇಕು!

ಅವತ್ತು ಸಂಜೆ ಹಾಲು ಕಾಯಿಸಿ, ಉಗುರು ಬೆಚ್ಚಗೆ ಆರಿಸಿ, ಒಂದು ಪೊಟ್ಟಣ ಕದಡಿ, ಮುಚ್ಚಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ, ಏನು ಹೇಳಲಿ, ಕತ್ತರಿಯಲ್ಲಿ ಕತ್ತರಿಸಬಹುದು, ಅಷ್ಟು ಗಟ್ಟಿ ಮೊಸರು. ಪಾತ್ರೆ ಮಗುಚಿ ಹಿಡಿದು ನಮ್ಮನೆಯವರಿಗೆ ತೋರಿಸಿದೆ. ನಮ್ಮತ್ತೆ ಒಲೆ ಹತ್ತಿರ ಏನೂ ಮಾತಾಡದೆ ನಿಂತಿದ್ದರು. ಹೊಟ್ಟೆಕಿಚ್ಚು ಅಂದುಕೊಂಡೆ.

ಇಂಥ ಬುದ್ಧಿವಂತಿಕೆಯನ್ನ ಒಬ್ಬಳೇ ಇಟ್ಟುಕೊಳ್ಳೋಕೆ ಆಗುತ್ತಾ? ಮುಂದಿನ ಮಂಗಳವಾರ ಬೆಂಚಿನಲ್ಲಿ ಎಲ್ಲರ ಕಿವಿಗೂ ಹಾಕಿದೆ. ವಾರದೊಳಗೆ ಹನ್ನೊಂದು ಮನೆಯಲ್ಲಿ ಹನ್ನೊಂದು ಪಾತ್ರೆ ಹಾಲು ಪರೀಕ್ಷೆಗೆ ಕೂತವು. ಆರು ಪಾಸು, ಐದು ಫೇಲು. ಬೆಂಚು ಎರಡು ಪಕ್ಷ ಆಯ್ತು. ನಮ್ಮದು ಗಟ್ಟಿ ಪಕ್ಷ, ಅವರದು ನೀರು ಪಕ್ಷ. ಗಟ್ಟಿಯವರು ಫ್ಯಾನ್ ಕೆಳಗೆ ಕೂರೋದು, ನೀರಿನವರು ಬಾಗಿಲ ಕಡೆ. ನಗಬೇಡಿ, ನಿಜ.

ನೀರು ಪಕ್ಷದಲ್ಲಿ ಒಬ್ಬಾಕೆ ಬೇಕರಿ ಇಟ್ಟಿದ್ದಳು. ಅವಳಿಗೆ ಎರಡನೇ ಬಸುರು, ಮೊದಲ ಸಲವೂ ಸಕ್ಕರೆ ಬಂದಿತ್ತು, ಪಾಪ ತುಂಬ ಹೆದರಿದ್ದಳು. ನನ್ನ ಪೊಟ್ಟಣಗಳಲ್ಲಿ ಒಂದಷ್ಟು ತನಗೆ ಕೊಟ್ಟು ತನ್ನವನ್ನ ನಾನು ತಗೊಂಡರೆ ಆಗಲ್ಲವಾ ಅಂತ ಬೇಡಿಕೊಂಡಳು. ನಾನು ದೊಡ್ಡ ದಾನಿ ಥರ ಏಳು ಪೊಟ್ಟಣ ಕೊಟ್ಟೆ. ಅವಳು ಋಣ ಇಟ್ಟುಕೊಳ್ಳೋಳಲ್ಲ, ದಿನಾ ಬೆಳಗ್ಗೆ ಬಿಸಿ ಬಿಸಿ ಸಿಹಿ ಬನ್ನು ನನ್ನ ಅಂಗಡಿಗೆ ಕಳಿಸೋಳು. ನನ್ನ ಹೊಟ್ಟೆಯಲ್ಲಿ ಗಟ್ಟಿ ಹೆಪ್ಪಿದೆ, ಎರಡು ಬನ್ನು ಏನು ಮಹಾ ಅಂತ ತಿಂದೆ. ಇರುವೆ ಕಚ್ಚಿಸಿಕೊಳ್ಳೋದನ್ನೂ ಬಿಟ್ಟೆ. ಪುಸ್ತಕದಲ್ಲಿ ನಂಬರ್ ಬರೀಬೇಕಲ್ಲ, ತೊಂಬತ್ತೆರಡು, ತೊಂಬತ್ನಾಲ್ಕು, ತೊಂಬತ್ತೆರಡು ಅಂತ ಕೂತಲ್ಲೇ ತುಂಬಿಸಿದೆ.

ಅದರ ಮುಂದಿನ ಮಂಗಳವಾರ ಹೆಪ್ಪಿನಕ್ಕ ನನ್ನ ಪುಸ್ತಕ ನೋಡಿದರು, ಆವತ್ತು ಅಲ್ಲೇ ತೆಗೆದ ರಕ್ತದ ಚೀಟಿ ನೋಡಿದರು. ತೊಂಬತ್ತೈದು ದಾಟಬಾರದ್ದು, ಬರಿಹೊಟ್ಟೆಯಲ್ಲೇ ನೂರ ಹದಿನೆಂಟು. ಕಿವಿ ಮೇಲಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟು, ಮೆಲ್ಲಗೆ ಕೇಳಿದರು, ಏನಮ್ಮ ಇದು ಅಂತ. ನಾನು ತಲೆ ಎತ್ತಿಯೇ ಹೇಳಿದೆ, ಯಂತ್ರದ್ದೇ ತಪ್ಪಿರಬೇಕು ಅಕ್ಕಾ, ನನ್ನದು ಗಟ್ಟಿ ಹೆಪ್ಪು ಅಂತ. ಆಮೇಲೆ ಹಾಲು, ಪಕ್ಷ, ಪೊಟ್ಟಣ, ಬನ್ನು ಎಲ್ಲ ಒಂದರ ಹಿಂದೆ ಒಂದು ಹೊರಗೆ ಬಿತ್ತು.

ಆಗ ಎದ್ದರು ನಮ್ಮತ್ತೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ನೆಲ ನೋಡ್ತಾ, ಅವತ್ತು ಬೆಳಗಿನ ಜಾವ ತಾವು ಎದ್ದು ನೋಡಿದಾಗ ಹಾಲು ಹಾಲಾಗೇ ಇತ್ತು ಅಂದರು. ಸೊಸೆ ನೋಡಿದರೆ ಎದೆ ಒಡೆದುಕೊಳ್ತಾಳೆ ಅನ್ನಿಸ್ತಂತೆ. ಮತ್ತೆ ಬೆಚ್ಚಗೆ ಮಾಡಿ, ತಮ್ಮದೇ ಪಾತ್ರೆಯಿಂದ ಒಂದು ದೊಡ್ಡ ಚಮಚ ಮೊಸರು ಹಾಕಿ, ಕಂಬಳಿ ಸುತ್ತಿ ಒಲೆ ಪಕ್ಕ ಇಟ್ಟಿದ್ದರಂತೆ. ನಾನು ಎದ್ದಿದ್ದು ಎಂಟು ಗಂಟೆ ಆದಮೇಲೆ.

ಆಮೇಲೆ ಬೇಕರಿಯವಳು, ಹಾಗಾದರೆ ನನ್ನ ಬನ್ನು ವಾಪಸ್ ಕೊಡು ಅಂದಳು. ಬೆಂಚೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಮೊದಲೇ ದೊಡ್ಡ ಹೊಟ್ಟೆಗಳು. ಹೆಪ್ಪಿನಕ್ಕನೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ನಕ್ಕು ಮುಗಿದ ಮೇಲೆ ಮುಖ ಬಿಳಿಚಿಕೊಂಡಿತು. ಎದ್ದವರೇ ನೇರ ಡಾಕ್ಟರಮ್ಮನ ಕೋಣೆಗೆ ಹೋದರು. ಆ ಕೋಣೆಗೆ ಗಾಜಿನ ಬಾಗಿಲು. ಆಕೆ ಕೈಕಟ್ಟಿ ನಿಂತು ಹೇಳ್ತಿರೋದು ನಮಗೆ ಕಾಣ್ತಿತ್ತು. ಮುಚ್ಚಿಡಬಹುದಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಆಕೆ ಅಂಥವರಲ್ಲ.

ಲ್ಯಾಬಿನವರನ್ನ ಕರೆಸಿದರು. ಅವರು ಹೇಳಿದ್ದು ಕೇಳಿ ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಈ ಪೊಟ್ಟಣದ ಜೀವಾಣುಗಳು ಹೊಟ್ಟೆಯಲ್ಲಿ ಕೆಲಸ ಮಾಡೋ ಜಾತಿ, ಹಾಲನ್ನ ಮೊಸರು ಮಾಡಲೇಬೇಕು ಅಂತೇನಿಲ್ಲವಂತೆ. ಇನ್ನು ಮೊಸರಿನ ಪಾತ್ರೆ ಸರಿಯಾಗಿ ತೊಳೆಯದಿದ್ದರೆ ಏನೂ ಹಾಕದೆಯೂ ಹಾಲು ಗಟ್ಟಿಯಾಗುತ್ತಂತೆ. ಅಂದರೆ ನಮ್ಮ ಗಟ್ಟಿ ಪಕ್ಷ, ನೀರು ಪಕ್ಷ ಎರಡೂ ಸುಳ್ಳು! ಹೋಗಲಿ, ಯಾವ ಗುಟ್ಟೂ ಹೊರಬಿದ್ದ ಹಾಗಾಗಲಿಲ್ಲ, ಅಧ್ಯಯನ ಉಳೀತು. ಪೊಟ್ಟಣ ಬದಲಾಯಿಸಿಕೊಂಡ ನಮ್ಮಿಬ್ಬರನ್ನ ಮಾತ್ರ ಲೆಕ್ಕದಿಂದ ಬೇರೆ ಇಟ್ಟರು. ಎಷ್ಟೋ ದಿನ ಆದಮೇಲೆ ಪಟ್ಟಿ ತೆರೆದಾಗ ಗೊತ್ತಾಯ್ತು, ಹಾಲು ಹಾಲಾಗೇ ಉಳಿದಿದ್ದ ನನ್ನ ಪೊಟ್ಟಣವೇ ನಿಜವಾದ ಹೆಪ್ಪು. ಒಟ್ಟಾರೆ ನೋಡಿದರೆ ಸಕ್ಕರೆಯಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಆ ಆಸ್ಪತ್ರೆಯಲ್ಲಿ ಕಾಣಲಿಲ್ಲವಂತೆ. ಅದು ಆಮೇಲಿನ ಮಾತು.

ಆವತ್ತು ಡಾಕ್ಟರಮ್ಮ ಕೂಗಾಡಲಿಲ್ಲ, ಶಾಂತವಾಗೇ ಒಂದು ನಿಯಮ ಮಾಡಿದರು. ಇನ್ನುಮುಂದೆ ಸಿಸ್ಟರ್ ಸ್ವಂತ ಮಾತಿನಲ್ಲಿ ಏನನ್ನೂ ವಿವರಿಸೋ ಹಾಗಿಲ್ಲ. ಅಚ್ಚಾದ ಹಾಳೆಯಲ್ಲಿ ಇದ್ದದ್ದನ್ನ ಇದ್ದ ಹಾಗೇ ಓದಬೇಕು. ಹೆಪ್ಪಿನಕ್ಕ ಆಗಲಿ ಮೇಡಂ ಅಂದರು.

ಅಲ್ಲಿಂದ ಮುಂದಿನ ಮಂಗಳವಾರಗಳ ಬಗ್ಗೆ ಹೇಳೋಕೇ ಬೇಜಾರು. ಆಕೆ ಹಾಳೆ ಹಿಡಿದು ಓದ್ತಿದ್ದರು, ನಾವು ಶಾಲೆಯಲ್ಲಿ ಸುತ್ತೋಲೆ ಕೇಳೋ ಮಕ್ಕಳ ಹಾಗೆ ಕೂತಿರ್ತಿದ್ದೆವು. ಒಬ್ಬ ಹೊಸಬಳು ಹಾಳೆಯಲ್ಲಿ 'ಉಪವಾಸದ ರಕ್ತ ಪರೀಕ್ಷೆ' ಅಂತ ಇದ್ದದ್ದು ಕೇಳಿ, ಹಿಂದಿನ ದಿನ ಬೆಳಗಿನಿಂದಲೇ ಏನೂ ತಿನ್ನದೆ ಬಂದು ತೂಕದ ಯಂತ್ರದ ಮೇಲೆ ತಲೆ ತಿರುಗಿ ಬಿದ್ದಳು. ಹೆಪ್ಪಿನಕ್ಕ ಓಡಿಹೋಗಿ ಹಿಡಿದರು, ಹಾಲು ಕುಡಿಸಿದರು. ರಾತ್ರಿ ಊಟ ಮಾಡಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಾ ಅನ್ನೋ ಒಂದು ಮಾತು ಆಕೆಯ ತುಟಿವರೆಗೆ ಬಂದು ನಿಂತಿದ್ದು ನಾನು ನೋಡಿದೆ. ನಾನೇ ಎದ್ದು ಆ ಹುಡುಗಿಗೆ ಹೇಳಿದೆ. ಹೆಪ್ಪಿನಕ್ಕ ಹಾಳೆಯನ್ನ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ನನಗೆ ಅನ್ನ ಸೇರಲಿಲ್ಲ. ಗೇಟಿನ ಹತ್ತಿರ ಆಕೆಯನ್ನ ಹಿಡಿದು, ಇಲ್ಲಿ ಯಾರು ಕೇಳಿಸಿಕೊಳ್ತಾರೆ, ಹೊರಗೆ ನಿಂತು ಹೇಳಿ ಅಂದೆ. ಗೇಟಿನಾಚೆಗೂ ತಾನು ಅದೇ ಸಿಸ್ಟರ್ ಅಂದುಬಿಟ್ಟರು. ಡಾಕ್ಟರಮ್ಮನ ಕೋಣೆಗೇ ನುಗ್ಗಿ, ತಪ್ಪೆಲ್ಲ ನನ್ನದು ಅಂತ ವಾದ ಮಾಡಿದೆ. ಅವರು ಕುರ್ಚಿ ಕೊಟ್ಟು ಕೂರಿಸಿ, ಆಕೆ ಒಳ್ಳೆಯವರು ಅಂತ ನನಗೂ ಗೊತ್ತು, ಆದರೆ ಒಂದು ಪದ ಹನ್ನೊಂದು ಜನರನ್ನ ಅಡ್ಡದಾರಿಗೆ ಎಳೀತಲ್ಲ, ನಿಮ್ಮ ಸಕ್ಕರೆ ಎಲ್ಲಿಗೆ ಹೋಯ್ತು ನೋಡಿ ಅಂದರು. ಬಾಯಿ ಜೋರಿನ ನಾನೇ ಬಾಲ ಮುದುರಿಕೊಂಡು ಹೊರಗೆ ಬಂದೆ.

ಎಂಟನೇ ತಿಂಗಳ ಕೊನೆಗೂ ಸಕ್ಕರೆ ಇಳಿಯಲಿಲ್ಲ ಅಂತ ನನಗೆ ಸೂಜಿ ಶುರುಮಾಡಿದರು. ಹೆಪ್ಪಿನಕ್ಕ ನನ್ನ ಹೊಟ್ಟೆಗೆ ಇನ್ಸುಲಿನ್ ಚುಚ್ಚೋದು ಹೇಗೆ ಅಂತ ತೋರಿಸ್ತಾ, ತಾವು ಅರ್ಜಿ ಕೊಟ್ಟಿರೋದಾಗಿ ಹೇಳಿದರು. ಮತ್ತೆ ಬಟ್ಟೆ ಕೋಣೆಗೆ ಹಾಕಿ ಅಂತ. ಹೊದಿಕೆಗಳಿಗೆ ಏನೂ ವಿವರಿಸಬೇಕಾಗಿಲ್ಲವಲ್ಲ, ಅಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಓದಿ ನರ್ಸಾದ ಹೆಂಗಸು ನನ್ನಿಂದಾಗಿ ಸೋಪಿನ ನೀರಿಗೆ ವಾಪಸ್ ಹೋಗ್ತಾರಲ್ಲ ಅಂತ ದಾರಿಯಲ್ಲಿ ಅತ್ತುಬಿಟ್ಟೆ. ಡಾಕ್ಟರಮ್ಮ ಆ ಅರ್ಜಿಗೆ ಇನ್ನೂ ಸಹಿ ಹಾಕಿರಲಿಲ್ಲ, ಮುಂದಿನ ತಿಂಗಳ ಕೊನೆಗೆ ನೋಡೋಣ ಅಂದಿದ್ದರಂತೆ.

ಆ ತಿಂಗಳು ಮುಗಿಯೋಕೆ ನಾಲ್ಕು ದಿನ ಇರುವಾಗ ನನಗೆ ದಿನ ತುಂಬಿ ಮಗಳು ಹುಟ್ಟಿದಳು. ಬೆಳಗ್ಗೆ ಒಂಬತ್ತೂವರೆಗೆ, ಮೂರು ಕಿಲೋ ಒಂಬೈನೂರು ಗ್ರಾಂ. ಕೆನ್ನೆ ಅಂದರೆ ಬೇಕರಿಯವಳ ಬನ್ನೇ. ಎದೆಗೆ ಹಾಕಿದರು, ಹಾಲು ಕುಡಿದಳು. ಹಿಮ್ಮಡಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆದರು. ನಲವತ್ನಾಲ್ಕು. ಮತ್ತೆ ಹಾಲು, ಮತ್ತೆ ಚುಚ್ಚು, ಮೂವತ್ತೆಂಟು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂಬತ್ತು. ಮಗುವಿನ ಕೈ ಸಣ್ಣಗೆ ನಡುಗ್ತಿತ್ತು. ಮಕ್ಕಳ ಡಾಕ್ಟರ್ ಒಬ್ಬ ಹುಡುಗ, ಓಡೋಡಿ ಬಂದು, ಹೈಪೋಗ್ಲೈಸೀಮಿಯಾ, ಡ್ರಿಪ್ ಹಾಕಬೇಕು, ಗಾಜಿನ ಪೆಟ್ಟಿಗೆಗೆ ಒಯ್ಯಬೇಕು ಅಂದ. ಹಾಗಂದ್ರೇನು ಅಂದೆ. ಸಕ್ಕರೆ ತುಂಬ ಕಮ್ಮಿ ಆಗಿದೆ ಅಂದ.

ನನ್ನ ತಲೆ ಕೆಟ್ಟಿತು. ನಾಲ್ಕು ತಿಂಗಳಿಂದ ಸಕ್ಕರೆ ಜಾಸ್ತಿ, ಸಕ್ಕರೆ ಜಾಸ್ತಿ ಅಂತ ಪ್ರಾಣ ತಿಂದಿದ್ದೀರಿ, ಈಗ ನನ್ನ ಮಗುಗೆ ಸಕ್ಕರೆ ಕಮ್ಮಿ ಅಂದರೆ ಹೇಗೆ ನಂಬಲಿ? ಒಂದೋ ಯಂತ್ರ ಸುಳ್ಳು, ಇಲ್ಲಾ ಇದು ಬೇರೆ ಯಾರದೋ ಮಗುವಿನ ರಕ್ತ. ಮಗುವನ್ನ ಎದೆಗವಚಿಕೊಂಡು, ಮುಟ್ಟಿದರೆ ನೋಡಿ ಅಂದೆ. ನಮ್ಮನೆಯವರು ಅಂಚೆ ಹಂಚೋರು, ಯಾರ ಜೊತೆಯೂ ಜಗಳ ಆಡಿದವರಲ್ಲ, ಗೋಡೆಗೆ ಒರಗಿ ನಿಂತುಬಿಟ್ಟಿದ್ದರು. ದೊಡ್ಡ ಡಾಕ್ಟರಮ್ಮ ಬಂದರು. ಅವರು ಒಳ್ಳೆ ಮಾತಿನಲ್ಲೇ ಹೇಳಿದರು, ತಾಯಿಯ ಗ್ಲೂಕೋಸ್, ಮಗುವಿನ ಪ್ಯಾಂಕ್ರಿಯಾಸ್, ಪ್ರತಿಕ್ರಿಯೆ ಅಂತೆಲ್ಲ. ಒಂದೂ ನನ್ನೊಳಗೆ ಇಳೀಲಿಲ್ಲ. ಮಗಳ ನಡುಕ ಮಾತ್ರ ಕೈಗೆ ತಿಳೀತಿತ್ತು, ಅದಕ್ಕೇ ಇನ್ನೂ ಬಿಗಿಯಾಗಿ ಹಿಡಿದೆ. ಸಮಯ ಹೋಗ್ತಿತ್ತು.

ಬಾಗಿಲಲ್ಲಿ ಹೆಪ್ಪಿನಕ್ಕ ನಿಂತಿದ್ದರು. ಡ್ರಿಪ್ಪಿನ ಟ್ರೇ ಕೈಯಲ್ಲಿ, ಬಾಯಿ ಮುಚ್ಚಿಕೊಂಡು.

ಡಾಕ್ಟರಮ್ಮ ಅವರ ಕಡೆ ತಿರುಗಿದರು. "ಸಿಸ್ಟರ್, ನೀವು ಹೇಳಿ."

"ಹಾಳೇಲಿ ಇರೋದನ್ನಾ ಮೇಡಂ?"

"ಬೇಡ. ನಿಮ್ಮ ಮಾತಲ್ಲೇ ಹೇಳಿ."

ಹೆಪ್ಪಿನಕ್ಕ ಟ್ರೇ ಕೆಳಗಿಟ್ಟು ನನ್ನ ಮಂಚದ ಮೇಲೆ ಕೂತರು.

"ಶಾಲೆ ಶುರುವಾಗೋ ಮುಂಚೆ ನಿನ್ನ ಅಂಗಡೀಲಿ ಏನ್ಮಾಡ್ತೀಯ?" ಅಂತ ಕೇಳಿದರು.

ಇದೇನು ಪ್ರಶ್ನೆ ಅನ್ನಿಸಿತು. ಆದರೂ ಬಾಯಿ ತಾನಾಗೇ ಹೇಳಿತು. "ಯೂನಿಫಾರ್ಮ್ ಬಟ್ಟೆ ರಾಶಿ ಬೀಳುತ್ತೆ. ನಾಲ್ಕು ಜನ ಜಾಸ್ತಿ ಇಟ್ಕೋತೀನಿ."

"ಒಂದು ದಿನ ದಿಢೀರಂತ ಬಟ್ಟೆ ಬರೋದು ನಿಂತ್ರೆ?"

"ಅವರಿಗೇನು ಗೊತ್ತು, ಕತ್ತರಿ ಆಡಿಸ್ತಾನೇ ಇರ್ತಾರೆ. ಒಂದು ಗಂಟೇಲಿ ಅಂಗಡಿ ಖಾಲಿ."

"ನಿನ್ನ ಮಗಳ ಹೊಟ್ಟೇಲೂ ಅದೇ ಆಗಿದೆ ಕಣಮ್ಮ. ಒಳಗಿದ್ದಾಗ ನಿನ್ನಿಂದ ಸಕ್ಕರೆ ರಾಶಿ ರಾಶಿ ಹೋಗ್ತಿತ್ತು. ಅದನ್ನ ಎತ್ತಿಡೋಕೆ ಅವಳು ಜನ ಜಾಸ್ತಿ ಇಟ್ಕೊಂಡ್ಲು. ಇವತ್ತು ಒಂಬತ್ತೂವರೆಗೆ ಹೊಕ್ಕಳ ಬಳ್ಳಿ ಕತ್ತರಿಸಿದ್ವಿ, ಸಕ್ಕರೆ ಬರೋದು ನಿಂತಿತು. ಅವರಿಗೆ ಸುದ್ದಿ ಮುಟ್ಟಿಲ್ಲ, ಇದ್ದಬದ್ದ ಸಕ್ಕರೆಯನ್ನೆಲ್ಲ ಎತ್ತಿಡ್ತಾನೇ ಇದ್ದಾರೆ. ಒಂದೆರಡು ದಿನದಲ್ಲಿ ಅವರಿಗೇ ಗೊತ್ತಾಗುತ್ತೆ. ಅಲ್ಲೀವರೆಗೆ ನಾವು ಹೊರಗಿಂದ ಸ್ವಲ್ಪ ಸಕ್ಕರೆ ನೀರು ಕೊಡ್ತಾ ಇರಬೇಕು. ಇಷ್ಟೇ ಆಗಿರೋದು. ಮಗು ನಿನ್ನದೇ."

ನನ್ನ ಕೈ ಸಡಿಲಾಯ್ತು. ನಾನೇ ಎತ್ತಿ ಕೊಟ್ಟೆ. ಗೋಡೆಗೆ ಒರಗಿದ್ದ ನಮ್ಮನೆಯವರು ಮೊದಲ ಸಲ ಬಾಯಿಬಿಟ್ಟು, ಹಾಗಾದ್ರೆ ಆ ಜನಕ್ಕೆ ಸುದ್ದಿ ಮುಟ್ಟಿಸೋದು ಯಾರು ಅಂದರು. ಅಂಚೆಯವರಲ್ಲವಾ. ನಿಮ್ಮ ಕೈಲಿ ಆಗೋ ಬಟವಾಡೆ ಅಲ್ಲ ಅದು, ಅಂತ ಹೆಪ್ಪಿನಕ್ಕ ಮಗುವನ್ನ ಎತ್ತಿಕೊಂಡು ಹೊರಟರು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಡ್ರಿಪ್ ಹಾಕಿ ಅರ್ಧ ಗಂಟೆ ಆದಮೇಲೆ ಐವತ್ತೆರಡು ಅಂತ ಹೆಪ್ಪಿನಕ್ಕ ಬಂದು ಹೇಳಿದರು. ಹಿಂದೆಯೇ ಡಾಕ್ಟರಮ್ಮ ಬಂದರು. ನನ್ನ ಮಂಚದ ಪಕ್ಕದಲ್ಲೇ ನಿಂತು ಹೆಪ್ಪಿನಕ್ಕನಿಗೆ, ಇನ್ನು ಮೇಲೆ ನಿಮ್ಮ ಮಾತನ್ನ ಮೊದಲು ನನಗೆ ಹೇಳಿ, ಎಲ್ಲಿ ಎಡವಬಹುದು ಅಂತ ಇಬ್ಬರೂ ನೋಡೋಣ, ಆಮೇಲೆ ಬೆಂಚಿಗೆ ಹೇಳಿ ಅಂದರು. ಆಮೇಲೆ ಕೇಳಿದರು, ಹೀಗೆ ಹೇಳೋದನ್ನ ಎಲ್ಲಿ ಕಲಿತಿರಿ ಅಂತ.

ಹೆಪ್ಪಿನಕ್ಕ ಕಿವಿ ಮೇಲಿನ ಪೆನ್ನು ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಹೇಳಿದರು.

"ನನ್ನ ಮಗ ಹುಟ್ಟಿದಾಗ ಅವನೂ ಆ ಪೆಟ್ಟಿಗೇಲಿ ಐದು ದಿನ ಇದ್ದ ಮೇಡಂ. ಯಾಕೆ ಅಂತ ಯಾರೂ ಹೇಳ್ಲಿಲ್ಲ. ನನ್ನ ಹಾಲು ಕುಡಿದ್ಮೇಲೇ ತಾನೇ ನಡುಗಿದ್ದು, ಹಾಲೇ ಕೆಟ್ಟಿರಬೇಕು ಅಂದ್ಕೊಂಡೆ. ಆಮೇಲೆ ಅವನಿಗೆ ಹಾಲು ಕೊಡಲೇ ಇಲ್ಲ. ಹಿಂಡಿ ಚೆಲ್ತಿದ್ದೆ. ನರ್ಸಿಂಗ್ ಪುಸ್ತಕದಲ್ಲಿ ಆ ಪಾಠ ಬರೋ ಹೊತ್ತಿಗೆ ಅವನಿಗೆ ಹನ್ನೊಂದು ವರ್ಷ. ಮನೆಗೆ ಓಡಿಹೋಗಿ, ನನ್ನ ಹಾಲು ಕೆಟ್ಟಿರಲಿಲ್ಲ ಕಣೋ ಅಂದೆ. ಅವನು, ಸರಿ ಅಮ್ಮ, ಊಟ ಹಾಕು ಅಂದ."

ಡಾಕ್ಟರಮ್ಮ ಮಡಚಿದ ಒಂದು ಕಾಗದ ಕೋಟಿನ ಜೇಬಿನಿಂದ ತೆಗೆದು ಆಕೆಯ ಕೈಗೆ ಕೊಟ್ಟು ಹೋದರು. ಬಟ್ಟೆ ಕೋಣೆಯ ಅರ್ಜಿ ಅದು, ಸಹಿ ಹಾಕಿರಲಿಲ್ಲ. ಹೆಪ್ಪಿನಕ್ಕ ಅದನ್ನ ಹರಿಯಲಿಲ್ಲ, ಹಿಂಭಾಗ ಖಾಲಿ ಇತ್ತಲ್ಲ, ಅದರ ಮೇಲೆ ನನ್ನ ಮಗಳ ಐವತ್ತೆರಡು ಬರ್ಕೊಂಡರು.

ಎರಡನೇ ದಿನ ಸಂಜೆ ಡ್ರಿಪ್ ತೆಗೆದರು. ಹೆಪ್ಪಿನಕ್ಕನೇ ಮಗುವನ್ನ ತಂದು ನನ್ನ ಮಡಿಲಲ್ಲಿ ಹಾಕಿದರು. ಎದೆಗೆ ಹಾಕೋವಾಗ ನನ್ನ ಕೈ ಹಿಂಜರೀತು. ಕುಡಿದ ಮೇಲೆ ಮತ್ತೆ ನಡುಗಿದರೆ? ನಾನು ಬಾಯಿಬಿಟ್ಟು ಕೇಳಲಿಲ್ಲ. ಆಕೆ ನನ್ನ ಭುಜ ಹಿಡಿದರು.

"ಕೊಡಮ್ಮ," ಅಂದರು. "ನಿನ್ನ ಹಾಲು ಚೆನ್ನಾಗಿದೆ."

ಕೊಟ್ಟೆ. ಮಗಳು ಕುಡಿದು ಮುಗಿಸೋವರೆಗೂ ಆಕೆ ಅಲ್ಲಿಂದ ಏಳಲಿಲ್ಲ.